ವಿತ್ ಅಂದರೆ ಜೊತೆ, ಸ್ಟ್ಯಾಂಡ್ ಅಂದರೆ ನಿಲ್ಲು. ಹಾಗಾದರೆ ವಿತ್‌ಸ್ಟ್ಯಾಂಡ್ ಅಂದರೆ ‘ಜೊತೆ ನಿಲ್ಲು’ ಯಾಕಲ್ಲ?

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಡಿಕ್ಷನರಿಯಲ್ಲಿ ‘ತಡೆದುಕೊಳ್ಳು, ಎದುರಿಸು’ ಅಂತ ಇದೆ, ಪದ ಬಿಡಿಸಿದರೆ ಮಾತ್ರ ತದ್ವಿರುದ್ಧ ಅರ್ಥ ಬರುತ್ತದೆ, ಇದು ಹೇಗೆ ಅಂತ ನಿಮ್ಮ ಗೊಂದಲ. ನಾನು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಉತ್ತರ ಪತ್ರಿಕೆಗಳಲ್ಲಿ ಈ ಪದಕ್ಕೆ ‘ಬೆಂಬಲ ಕೊಡು’ ಅಂತ ಅರ್ಥ ಬರೆದವರನ್ನು ಎಷ್ಟೋ ಸಲ ನೋಡಿದ್ದೇನೆ. ಮಾರ್ಕ್ಸ್ ಕಳೆಯುವಾಗ ಬೇಜಾರಾಗುತ್ತದೆ. ಯಾಕೆಂದರೆ ಸುಮ್ನೆ ಬಾಯಿಪಾಠ ಮಾಡದೆ, ಪದ ಬಿಡಿಸಿ ಯೋಚಿಸಿದವರೇ ಇಲ್ಲಿ ಎಡವುವುದು.

ಅಸಲಿಗೆ ‘ವಿತ್’ ಪದದ ಹಳೆಯ ಅರ್ಥ ಜೊತೆ ಅಲ್ಲ, ಎದುರು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಜೊತೆ’ ಅನ್ನುವುದಕ್ಕೆ ಬೇರೆಯೇ ಪದ ಇತ್ತು: ‘ಮಿಡ್’. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಜೊತೆಗೆ ‘ಮಿಟ್’ ಅನ್ನುತ್ತಾರಲ್ಲ, ಅದರದೇ ಒಡಹುಟ್ಟು. ವಿತ್‌ಸ್ಟ್ಯಾಂಡ್ ಆ ಕಾಲದ ಪದ. ಹಾಗಾಗಿ ಅದರ ನೇರ ಅರ್ಥ ‘ಎದುರು ನಿಲ್ಲು’. ನಮ್ಮ ‘ಎದುರು ನಿಂತ’ ಅನ್ನುವ ಮಾತೇ ಅದು.

ಒಂದು ಉದಾಹರಣೆ ಹೇಳುತ್ತೇನೆ. 991ರ ಆಗಸ್ಟ್. ಇಂಗ್ಲೆಂಡಿನ ಪೂರ್ವ ಕರಾವಳಿಯ ಎಸೆಕ್ಸ್‌ನಲ್ಲಿ ಮಾಲ್ಡನ್ ಅನ್ನುವ ಊರು. ಹಡಗುಗಳಲ್ಲಿ ಬಂದ ವೈಕಿಂಗರು (ಉತ್ತರ ಯುರೋಪಿನ ದಾಳಿಕೋರರು) ನೀರಿನ ಆಚೆ ಬೀಡುಬಿಟ್ಟಿದ್ದಾರೆ. ಈಚೆಗೆ ಬರಲು ಒಂದೇ ಕಿರಿದಾದ ದಾರಿ. ಸಮುದ್ರದ ಭರತ ಬಂದು ನೀರು ಏರಿದಾಗ ಅದೂ ಮುಳುಗುತ್ತದೆ. ನೀರು ಇಳಿದ ಮೇಲೆ ಆ ದಾರಿಯ ಬಾಯಲ್ಲಿ ಮೂರು ಜನ ನಿಂತರು: ವುಲ್ಫ್‌ಸ್ಟಾನ್, ಆಲ್ಫೆರೆ, ಮಕ್ಕಸ್. ಇಡೀ ದಂಡಿಗೆ ಮೂರೇ ಜನ ಅಡ್ಡ. ಕೊನೆಗೆ ಇಂಗ್ಲಿಷರು ಆ ಯುದ್ಧ ಸೋತರು, ಅದು ಬೇರೆ ಮಾತು. ಆ ಕಾಳಗದ ಬಗ್ಗೆ ಹಳೆಯ ಇಂಗ್ಲಿಷಿನ ಪದ್ಯವೊಂದು ಉಳಿದಿದೆ. ಮೂವರೂ ಓಡಿಹೋಗದೆ ‘ಶತ್ರುಗಳ ವಿರುದ್ಧ’ ಗಟ್ಟಿಯಾಗಿ ಕಾದಾಡಿದರು ಅಂತ ಅದರಲ್ಲಿದೆ. ಅಲ್ಲಿ ‘ವಿರುದ್ಧ’ ಅನ್ನುವ ಕಡೆ ಇರುವ ಪದ ‘ವಿದ್’. ಇವತ್ತಿನ ವಿತ್ ಇದೇ! ಈಗಿನ ಅರ್ಥ ಹಚ್ಚಿ ಓದಿದರೆ ಆ ಮೂವರು ವೀರರು ಶತ್ರುಗಳ ಪಕ್ಷಕ್ಕೆ ಸೇರಿಬಿಡುತ್ತಾರೆ.

ಎದುರು ಅನ್ನುವ ಪದ ಜೊತೆ ಆಗಿದ್ದು ಹೇಗೆ? ಇದನ್ನು ಅರ್ಥ ಮಾಡಿಕೊಳ್ಳಲು ಕನ್ನಡಿಗರಿಗೆ ಕಷ್ಟವೇ ಇಲ್ಲ. ‘ಅವನ ಜೊತೆ ಜಗಳ ಆಡಿದೆ’ ಅನ್ನುತ್ತೇವೆ. ಜಗಳ ಆಡಿದ್ದು ಅವನ ವಿರುದ್ಧ, ಬಾಯಲ್ಲಿ ಬರುವುದು ‘ಜೊತೆ’. ಇಂಗ್ಲಿಷಿನ ‘ಫೈಟ್ ವಿತ್’ ಕೂಡ ಹೀಗೇ. ‘ಎದುರು’ ಪದವನ್ನೇ ನೋಡಿ. ‘ಎದುರು ಮನೆ’ಯವರ ಮೇಲೆ ನಮಗೆ ದ್ವೇಷ ಏನಿಲ್ಲ, ಹತ್ತಿರದವರು ಅಷ್ಟೆ. ಆದರೆ ಅಮ್ಮ ‘ಎದುರು ಮಾತಾಡ್ತೀಯಾ?’ ಅಂತ ಗದರಿದರೆ ಅದು ವಿರೋಧದ ಎದುರು. ಹಳೆಯ ವಿತ್ ಪದಕ್ಕೂ ಎದುರು, ಕಡೆಗೆ, ಹತ್ತಿರ ಅನ್ನುವ ಅರ್ಥಗಳೆಲ್ಲ ಒಟ್ಟಿಗೇ ಇದ್ದವು. ಮುಂದಿನ ಶತಮಾನಗಳಲ್ಲಿ ಹತ್ತಿರದ ಅರ್ಥ ಜೋರಾಯಿತು, ವಿತ್ ಬಂದು ಮಿಡ್ ಪದದ ಜಾಗ ಹಿಡಿಯಿತು. ಮಿಡ್ ಪೂರ್ತಿ ಸತ್ತಿಲ್ಲ, ‘ಮಿಡ್‌ವೈಫ್’ನಲ್ಲಿ ಉಳಿದುಕೊಂಡಿದೆ. ವೈಫ್ ಅಂದರೆ ಆಗ ಬರೀ ಹೆಂಗಸು. ಹೆರಿಗೆಯ ಹೊತ್ತಿನಲ್ಲಿ ಜೊತೆಗಿರುವ ಹೆಂಗಸು, ನಮ್ಮ ಸೂಲಗಿತ್ತಿ. ನನಗೆ ತುಂಬಾ ಇಷ್ಟವಾದ ಪದ ಇದು.

ಹಳೆಯ ವಿತ್ ಇನ್ನೆರಡು ಕಡೆ ನಿಮಗೆ ದಿನಾ ಸಿಗುತ್ತದೆ. ಬ್ಯಾಂಕಿನ ವಿತ್‌ಡ್ರಾ: ಡ್ರಾ ಅಂದರೆ ಎಳೆ, ಹಿಂದಕ್ಕೆ ಎಳೆದುಕೋ. ರಿಸಲ್ಟ್ ವಿತ್‌ಹೆಲ್ಡ್: ಹೋಲ್ಡ್ ಅಂದರೆ ಹಿಡಿ. ಕನ್ನಡದಲ್ಲಿ ‘ಫಲಿತಾಂಶ ತಡೆಹಿಡಿಯಲಾಗಿದೆ’ ಅಂತ ಬರೆಯುತ್ತೇವಲ್ಲ, ತಡೆ ಮತ್ತು ಹಿಡಿ ಎರಡೂ ಅಲ್ಲಿವೆ. ಇವೆರಡರಲ್ಲೂ ಜೊತೆ ಅನ್ನುವ ಅರ್ಥದ ಸುಳಿವೇ ಇಲ್ಲ.

ಇನ್ನೂ ಹಿಂದಕ್ಕೆ ಹೋದರೆ ವಿತ್ ಪದದ ಬೇರು ‘ಬೇರೆಯಾಗಿ, ದೂರ’ ಅನ್ನುವ ಅರ್ಥದ್ದು. ಸಂಸ್ಕೃತದ ‘ವಿ’ ಕೂಡ ಅದೇ ಬೇರಿನಿಂದ ಬಂದದ್ದು. ವಿಯೋಗ, ವಿರೋಧ ಅನ್ನುವಾಗ ಮುಂದಿರುವ ವಿ. ಸ್ಟ್ಯಾಂಡ್ ಸಹ ಸ್ಥಾನ, ಸ್ಥಿರ, ಸ್ಥಿತಿಗಳ ನೆಂಟ. ಈ ಭಾಗವನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ತೋರಿಸಿದರೆ ಕೊನೇ ಬೆಂಚಿನವರೂ ತಲೆ ಎತ್ತಿ ನೋಡುತ್ತಾರೆ.

ಈಗ ಬಳಕೆ. ಇದಕ್ಕೆ ಹತ್ತಿರದ ಅರ್ಥದ ಇನ್ನೊಂದು ಪದ ರೆಸಿಸ್ಟ್, ಅಂದರೆ ಪ್ರತಿರೋಧಿಸು. ಅದು ಲ್ಯಾಟಿನ್ನಿಂದ ಫ್ರೆಂಚ್ ಮೂಲಕ ಬಂದ ಪದ, ಅದರ ಒಳಗೂ ‘ನಿಲ್ಲು’ ಇದೆ. ಆದರೂ ಎರಡನ್ನೂ ಒಂದೇ ಥರ ಬಳಸಬೇಡಿ. ಪೊಲೀಸರು ಹಿಡಿಯಲು ಬಂದಾಗ ಕೊಸರಾಡಿದರೆ, ತುಪ್ಪ ಜಿನುಗುವ ಮೈಸೂರು ಪಾಕ್ ಕಂಡೂ ಕೈ ಹಾಕದಿದ್ದರೆ ರೆಸಿಸ್ಟ್. ವಿತ್‌ಸ್ಟ್ಯಾಂಡ್‌ನಲ್ಲಿ ಏಟು ಬಿದ್ದಿರುತ್ತದೆ, ಆದರೂ ಏಟು ತಿಂದದ್ದು ಕೆಳಗೆ ಬಿದ್ದಿರುವುದಿಲ್ಲ. ಪ್ರವಾಹ ಬಂದುಹೋದ ಮೇಲೂ ನಿಂತಿರುವ ಸೇತುವೆ, ಬಿಸಿಗೆ ಒಡೆಯದ ಗಾಜು, ಮುತ್ತಿಗೆಯನ್ನು ತಾಳಿಕೊಂಡ ಕೋಟೆ. ಕನ್ನಡದಲ್ಲಿ ‘ತಡೆದುಕೊಳ್ಳು’ ಅಥವಾ ‘ತಾಳಿಕೊಳ್ಳು’ ಅಂದರೆ ಸರಿಯಾಗಿ ಕೂರುತ್ತದೆ.

ಭೂತಕಾಲದ ರೂಪ ವಿತ್‌ಸ್ಟುಡ್. ಇದರ ಮುಂದೆ ಅಗೇನ್ಸ್ಟ್ ಸೇರಿಸಬೇಡಿ. ಜಾಸ್ತಿ ಜನ ಮಾಡುವ ತಪ್ಪು ಇದೇ. ‘ವಿರುದ್ಧ’ ಅನ್ನುವುದು ಪದದ ಒಳಗೇ ಇದೆ ಅಲ್ವಾ, ಹಾಗಾಗಿ ‘ವಿತ್‌ಸ್ಟುಡ್ ದ ಸ್ಟಾರ್ಮ್’ ಅಂದರೆ ಸಾಕು.