ಮೂರು ಸ್ಟಾರಿನ ಪುಸ್ತಕಕ್ಕೆ ನಾಲ್ಕು ಸ್ಟಾರ್

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್. ಲಾಕ್‌ಡೌನ್ ಸಮಯದಲ್ಲಿ ಹೊತ್ತು ಹೋಗಲಿ ಅಂತ ಇಂಗ್ಲಿಷ್ ಪುಸ್ತಕಗಳ ಬಗ್ಗೆ ಒಂದು ಬ್ಲಾಗ್ ಶುರು ಮಾಡಿದೆ. ಹೆಚ್ಚಾಗಿ ಪತ್ತೇದಾರಿ ಕಾದಂಬರಿಗಳ ವಿಮರ್ಶೆ. ಆಮೇಲೆ ಇಂಗ್ಲೆಂಡಿನ ಒಬ್ಬ ಮಹಿಳೆ ನಡೆಸುವ ಬ್ಲಾಗ್ ಟೂರ್‌ಗಳಿಗೆ ಸೇರಿಕೊಂಡೆ. ಅವರು ಪುಸ್ತಕದ ಇ-ಪ್ರತಿ ಕಳಿಸುತ್ತಾರೆ, ಒಂದು ತಾರೀಖು ಕೊಡುತ್ತಾರೆ, ಆ ದಿನ ನನ್ನ ವಿಮರ್ಶೆ ಬರಬೇಕು. ಬಿಡುಗಡೆಗೆ ಮುಂಚೆಯೇ ಪುಸ್ತಕ ಓದಲು ಸಿಗುತ್ತದೆ, ಬ್ಯಾನರಿನಲ್ಲಿ ನನ್ನ ಬ್ಲಾಗಿನ ಹೆಸರಿರುತ್ತದೆ, ಲೇಖಕರು ಥ್ಯಾಂಕ್ಸ್ ಹೇಳುತ್ತಾರೆ. ಮೊದಮೊದಲು ತುಂಬಾ ಖುಷಿಯಿತ್ತು.

ಈಗ ಪೇಚಿಗೆ ಸಿಕ್ಕಿದ್ದೇನೆ. ಮುಂದಿನ ಗುರುವಾರ ನನ್ನ ಸರದಿ. ಪುಸ್ತಕ ಒಬ್ಬರ ಮೊದಲ ಕಾದಂಬರಿ. ನೂರಿಪ್ಪತ್ತು ಪುಟ ಓದಿದೆ, ಮುಂದೆ ಓದಲು ಮನಸ್ಸೇ ಬರುತ್ತಿಲ್ಲ. ಕೊಲೆಗಾರ ಯಾರು ಅಂತ ಮೂರನೇ ಅಧ್ಯಾಯಕ್ಕೇ ಗೊತ್ತಾಯಿತು. ಲೇಖಕಿ ಒಳ್ಳೆಯವರು. ‘ನಿಮ್ಮ ಅಭಿಪ್ರಾಯಕ್ಕೆ ಕಾಯುತ್ತಿದ್ದೇನೆ’ ಅಂತ ಮೆಸೇಜ್ ಬೇರೆ ಹಾಕಿದ್ದಾರೆ. ಹಿಂದೆ ಇಂಥದ್ದೇ ಸಂದರ್ಭದಲ್ಲಿ ಒಂದೆರಡು ಸಲ ಮೂರು ಸ್ಟಾರ್ ಕೊಡಬೇಕಾದ ಕಡೆ ನಾಲ್ಕು ಕೊಟ್ಟಿದ್ದೇನೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, ‘ಮೇಡಂ, ನೀವು ಚೆನ್ನಾಗಿದೆ ಅಂತ ಬರೆದಿದ್ರಲ್ಲ, ದುಡ್ಡು ಕೊಟ್ಟು ತರಿಸಿದೆ, ಅರ್ಧಕ್ಕೇ ಬಿಟ್ಟೆ’ ಅಂದರು. ನನಗೆ ತಲೆ ಎತ್ತಲಾಗಲಿಲ್ಲ.

ನಮ್ಮ ಮನೆಯವರು, ‘ಒಂದು ರೂಪಾಯಿ ಬರಲ್ಲ, ರಾತ್ರಿ ಹನ್ನೆರಡರ ತನಕ ಯಾಕೆ ಕೂರ್ತೀಯ’ ಅನ್ನುತ್ತಾರೆ. ಈ ತಿಂಗಳಿಗೆ ಇನ್ನೂ ಮೂರು ಟೂರ್ ಒಪ್ಪಿಕೊಂಡಿದ್ದೇನೆ. ಆಸೆಪಟ್ಟು ಕೊಂಡ ಕನ್ನಡ ಪುಸ್ತಕಗಳು ಕಪಾಟಿನಲ್ಲಿ ಹಾಗೇ ಕೂತಿವೆ. ಆಗುವುದಿಲ್ಲ ಅಂದರೆ ಮತ್ತೆ ಕರೆಯುವುದಿಲ್ಲವೇನೋ ಅಂತ ಭಯ. ಏನು ಮಾಡಲಿ?

ಹೆಸರು ಬೇಡ, ಶಿವಮೊಗ್ಗ

ಉತ್ತರ: ಮೊದಲು ಗುರುವಾರದ ವಿಷಯ ಮುಗಿಸೋಣ. ಉಳಿದದ್ದನ್ನು ಆಮೇಲೆ ನಿಧಾನವಾಗಿ ಮಾತಾಡಬಹುದು.

ಇವತ್ತೇ ಆ ಸಂಯೋಜಕಿಗೆ ಮೇಲ್ ಹಾಕಿ. ಬುಧವಾರ ರಾತ್ರಿಯವರೆಗೆ ಎಳೆಯಬೇಡಿ. ‘ಈ ಪುಸ್ತಕ ನನಗೆ ಹಿಡಿಸಲಿಲ್ಲ, ಪೂರ್ತಿ ಓದಲಾಗಲಿಲ್ಲ. ಗುರುವಾರ ವಿಮರ್ಶೆಯ ಬದಲು ಪುಸ್ತಕದ ಆಯ್ದ ಭಾಗ ಹಾಕುತ್ತೇನೆ, ದಯವಿಟ್ಟು ಕಳಿಸಿಕೊಡಿ.’ ಇಷ್ಟು ಬರೆದರೆ ಸಾಕು. ಜ್ವರ ಬಂದಿತ್ತು, ಉತ್ತರ ಪತ್ರಿಕೆ ತಿದ್ದಬೇಕಿತ್ತು ಅಂತ ಕತೆ ಕಟ್ಟಬೇಡಿ. ಮೂರು ಸಲ ಕ್ಷಮೆ ಕೇಳುವುದೂ ಬೇಡ.

ನೀವು ಹೆದರಿದಷ್ಟು ದೊಡ್ಡ ವಿಷಯ ಇದಲ್ಲ. ಎಷ್ಟೋ ಸಂಯೋಜಕರು ಇದಕ್ಕೆ ಮೊದಲೇ ದಾರಿ ಮಾಡಿಟ್ಟಿರುತ್ತಾರೆ. ಮೂರು ಸ್ಟಾರಿಗಿಂತ ಕಡಿಮೆ ಅನ್ನಿಸಿದರೆ ಟೂರ್ ನಡೆಯುವಾಗ ವಿಮರ್ಶೆ ಹಾಕಬೇಡಿ, ಆಯ್ದ ಭಾಗವನ್ನೋ ಲೇಖಕರ ಸಂದರ್ಶನವನ್ನೋ ಹಾಕಿ, ವಿಮರ್ಶೆ ಬೇಕಾದರೆ ಟೂರ್ ಮುಗಿದ ಮೇಲೆ ಬರಲಿ ಅನ್ನುತ್ತಾರೆ. ನೀವು ಸೇರಿದಾಗ ಬಂದ ಮೇಲ್ ತೆಗೆದು ನೋಡಿ, ಅಲ್ಲೇ ಬರೆದಿರಬಹುದು. ಇಷ್ಟವಾಗಲಿಲ್ಲ ಅನ್ನುವವರಿಂದ ಅವರಿಗೇನೂ ತೊಂದರೆಯಿಲ್ಲ. ಹೇಳದೆ ಕೇಳದೆ ಕೈಕೊಡುವವರಿಂದಲೇ ಅವರಿಗೆ ತಲೆನೋವು.

ಬ್ಲಾಗ್ ಟೂರ್ ಅಂದರೇನು ಅಂತ ಗೊತ್ತಿಲ್ಲದವರೂ ಈ ಅಂಕಣ ಓದುತ್ತಾರೆ, ಅವರಿಗಾಗಿ ಎರಡು ಮಾತು. ಹೊಸ ಪುಸ್ತಕ ಬಂದಾಗ ಒಂದೋ ಎರಡೋ ವಾರ, ದಿನಕ್ಕೆ ಒಬ್ಬರೋ ಇಬ್ಬರೋ ತಮ್ಮ ತಮ್ಮ ಬ್ಲಾಗಿನಲ್ಲಿ ಅದರ ಬಗ್ಗೆ ಬರೆಯುತ್ತಾರೆ. ಲೇಖಕರು ಊರೂರು ಸುತ್ತುವ ಬದಲು ಪುಸ್ತಕ ಬ್ಲಾಗಿನಿಂದ ಬ್ಲಾಗಿಗೆ ಸುತ್ತುತ್ತದೆ. ಇದನ್ನು ಹೊಂದಿಸಿಕೊಡುವ ಸಂಯೋಜಕರಿಗೆ ಲೇಖಕರೋ ಪ್ರಕಾಶಕರೋ ಹಣ ಕೊಡುತ್ತಾರೆ. ಬರೆಯುವವರಿಗೆ ಸಾಮಾನ್ಯವಾಗಿ ಪುಸ್ತಕ ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಹಾಗಾಗಿ ಸಂಯೋಜಕಿ ಲೇಖಕರಿಗೆ ಉತ್ತರ ಹೇಳಬೇಕಾದವರು. ನೀವು ಉತ್ತರ ಹೇಳಬೇಕಾಗಿರುವುದು ಸ್ಟಾಫ್ ರೂಮಿನ ಆ ಸಹೋದ್ಯೋಗಿಗೆ. ಗುರುವಾರ ಏನಾದರೂ ಹಾಕುತ್ತೇನೆ ಅಂತ ನೀವು ಮಾತು ಕೊಟ್ಟಿದ್ದೀರಿ, ಅದನ್ನು ಉಳಿಸಿಕೊಳ್ಳಿ. ಹೊಗಳುತ್ತೇನೆ ಅಂತ ಎಲ್ಲೂ ಮಾತು ಕೊಟ್ಟಿಲ್ಲ ಅಲ್ವಾ?

ಆಯ್ದ ಭಾಗ ಹಾಕಿ ಕೈ ತೊಳೆದುಕೊಳ್ಳುವುದು ಒಂಥರಾ ಜಾರಿಕೊಂಡ ಹಾಗೆ ಅಂತ ನಿಮಗೆ ಅನ್ನಿಸಬಹುದು. ನಮ್ಮ ಪತ್ರಿಕೆಗಳ ಪುಸ್ತಕದ ಪುಟ ನೆನಪಿಸಿಕೊಳ್ಳಿ. ವಿಮರ್ಶೆಗೆ ಎರಡು ಪ್ರತಿ ಕಳಿಸಿ ಅಂತ ಕೇಳುವುದು ನಮ್ಮಲ್ಲಿ ಹಳೆಯ ಪದ್ಧತಿ. ಎರಡು ಪ್ರತಿ ಕಳಿಸಿದೆ ಅಂದಮಾತ್ರಕ್ಕೆ ಹೊಗಳಿಕೆ ಬರುತ್ತದೆ ಅಂತ ಯಾವ ಪ್ರಕಾಶಕರೂ ನಂಬುವುದಿಲ್ಲ. ಎಷ್ಟೋ ಪುಸ್ತಕಗಳು ‘ಸಾದರ ಸ್ವೀಕಾರ’ದಲ್ಲಿ ಮುಗಿದುಹೋಗುತ್ತವೆ. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಪುಟ, ಬೆಲೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಅದನ್ನು ಓದಿ ಯಾರೂ ಮೋಸ ಹೋಗುವುದಿಲ್ಲ, ಯಾಕೆಂದರೆ ಅದೇನು ಅಂತ ಮೇಲೆಯೇ ಬರೆದಿರುತ್ತದೆ. ನಿಮ್ಮ ಗುರುವಾರದ ಪೋಸ್ಟಿನಲ್ಲೂ ಹಾಗೆ ಬರೆದಿರಲಿ: ‘ಇದು ಟೂರಿಗಾಗಿ ಹಾಕಿದ ಆಯ್ದ ಭಾಗ, ನನ್ನ ವಿಮರ್ಶೆ ಅಲ್ಲ.’ ಈ ಸಾಲು ಬಿಟ್ಟರೆ ಮಾತ್ರ ಅದು ಜಾರಿಕೊಂಡಂತೆ. ನಿಮ್ಮ ಜಾಗದಲ್ಲಿ ಕಂಡದ್ದನ್ನು ಜನ ನಿಮ್ಮ ಶಿಫಾರಸು ಅಂದುಕೊಳ್ಳುತ್ತಾರೆ.

ಪುಸ್ತಕ ಪುಕ್ಕಟೆ ಬಂದದ್ದು ಅಂತಲೂ ಪ್ರತಿ ಸಲ ಮೊದಲ ಸಾಲಿನಲ್ಲೇ ಹೇಳಿ. ಇದು ಬರೀ ಸೌಜನ್ಯದ ಮಾತಲ್ಲ. ಜಾಹೀರಾತು ಗುಣಮಟ್ಟ ನೋಡಿಕೊಳ್ಳುವ ಎಎಸ್‌ಸಿಐ 2021ರ ಜೂನ್‌ನಿಂದ ಜಾರಿಗೆ ತಂದ ನಿಯಮಗಳಲ್ಲೂ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಸೂಚನೆಗಳಲ್ಲೂ ಉಚಿತವಾಗಿ ಬಂದ ವಸ್ತು ಅಂದರೆ ಅದು ಕೊಟ್ಟವರ ಜೊತೆಗಿನ ಒಂದು ಸಂಬಂಧ, ಅದನ್ನು ಓದುವವರಿಗೆ ಕಾಣುವ ಹಾಗೆ ತಿಳಿಸಬೇಕು ಅಂತಿದೆ. ಹ್ಯಾಷ್‌ಟ್ಯಾಗುಗಳ ರಾಶಿಯ ಕೊನೆಯಲ್ಲಿ ಅಡಗಿಸಿಟ್ಟರೆ ತಿಳಿಸಿದ ಹಾಗಾಗುವುದಿಲ್ಲ. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಿಂದ ಸುಳ್ಳು ವಿಮರ್ಶೆ ಮತ್ತು ಪ್ರತಿಫಲ ಪಡೆದದ್ದನ್ನು ಮುಚ್ಚಿಟ್ಟ ವಿಮರ್ಶೆ ಎರಡನ್ನೂ ಕಾನೂನೇ ನಿಷೇಧಿಸಿದೆ. ಗಾಬರಿ ಬೇಡ, ಒಂದು ಇ-ಪುಸ್ತಕಕ್ಕಾಗಿ ಶಿವಮೊಗ್ಗಕ್ಕೆ ಯಾರೂ ನೋಟಿಸ್ ಹಿಡಿದು ಬರುವುದಿಲ್ಲ. ಆದರೆ ಆ ಸಾಲು ಬರೆದ ಮೇಲೆ ನಿಮಗೇ ಒಂದು ಹಿಡಿತ ಬರುತ್ತದೆ, ನೋಡಿ. ‘ಪುಕ್ಕಟೆ ಬಂದದ್ದು’ ಅಂತ ಬರೆದ ಕೈಯಲ್ಲೇ ‘ಅದ್ಭುತ’ ಅಂತ ಸುಮ್ನೆ ಬರೆಯಲು ಸ್ವಲ್ಪ ಕಷ್ಟ.

ಇನ್ನು ಆ ನಾಲ್ಕು ಸ್ಟಾರ್. ಪತ್ರದಲ್ಲಿ ನೀವು ಅದನ್ನು ನಡುವೆ ಒಂದೇ ಸಾಲಿನಲ್ಲಿ ಹೇಳಿ ದಾಟಿದ್ದೀರಿ. ನನಗೆ ಕಾಣುವಂತೆ ನಿಮ್ಮನ್ನು ನಿಜವಾಗಿ ಕೊರೆಯುತ್ತಿರುವುದು ಅದೇ. ಗುರುವಾರದ ಪುಸ್ತಕ ಬರೀ ನೆಪ.

ಸ್ಟಾರ್ ಅನ್ನುವುದೇ ಒಂದು ಹಾಳು ಲೆಕ್ಕ. ಓದುಗರು ಪುಸ್ತಕಗಳಿಗೆ ಸ್ಟಾರ್ ಕೊಡುವ ಗುಡ್‌ರೀಡ್ಸ್ ತಾಣದಲ್ಲಿ ಮೂರು ಸ್ಟಾರ್ ಅಂದರೆ ‘ಇಷ್ಟವಾಯಿತು’, ಎರಡು ಅಂದರೆ ‘ಪರವಾಗಿಲ್ಲ’. ಅಮೆಜಾನ್‌ನಲ್ಲಿ ಅದೇ ಮೂರು ಸ್ಟಾರ್ ಟೀಕೆಯ ಸಾಲಿಗೆ ಸೇರುತ್ತದೆ, ಮೆಚ್ಚುಗೆ ಅನ್ನಿಸಿಕೊಳ್ಳಲು ನಾಲ್ಕಾದರೂ ಬೇಕು. ತಮಾಷೆ ಅಂದರೆ 2013ರಿಂದ ಗುಡ್‌ರೀಡ್ಸ್ ಕೂಡ ಅಮೆಜಾನ್‌ನದ್ದೇ. ಒಂದೇ ಮನೆಯಲ್ಲಿ ಎರಡು ಅಳತೆ! ಲೇಖಕರು ಮೂರು ನೋಡಿದ ತಕ್ಷಣ ಸಪ್ಪಗಾಗುತ್ತಾರೆ, ನಿಮ್ಮಂಥ ಮೆದು ಮನಸ್ಸಿನವರು ಇನ್ನೊಂದು ಸೇರಿಸುತ್ತಾರೆ. ಹೀಗೆ ಟೂರಿನಲ್ಲಿ ಎಲ್ಲರೂ ಒಂದೊಂದು ಸೇರಿಸಿದರೆ ನಾಲ್ಕು ಸ್ಟಾರಿಗೆ ಅರ್ಥವೇ ಉಳಿಯುವುದಿಲ್ಲ. ಆಗ ನಿಜವಾಗಿ ಒಳ್ಳೆಯ ಪುಸ್ತಕ ಬರೆದವರಿಗೂ ನಷ್ಟ.

ನನ್ನ ಸಲಹೆ: ನಿಮ್ಮ ಬ್ಲಾಗಿನಿಂದ ಸ್ಟಾರ್ ತೆಗೆದುಹಾಕಿ. ಗುಡ್‌ರೀಡ್ಸ್‌ನಲ್ಲೂ ಸ್ಟಾರ್ ಕೊಡದೆ ಬರೀ ಬರಹ ಹಾಕಬಹುದು. ಬರಹದಲ್ಲಿ ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ, ಯಾಕೆ ಅಂತ ಹೇಳಲೇಬೇಕಾಗುತ್ತದೆ. ಹಳೆಯ ಆ ಒಂದೆರಡು ವಿಮರ್ಶೆಗಳನ್ನು ತೆರೆದು, ‘ಮತ್ತೆ ಯೋಚಿಸಿದಾಗ ಇದನ್ನು ಜಾಸ್ತಿ ಹೊಗಳಿದೆ ಅನ್ನಿಸಿತು’ ಅಂತ ಒಂದು ಸಾಲು ಸೇರಿಸಿ, ಸ್ಟಾರ್ ತೆಗೆಯಿರಿ. ವಿಮರ್ಶೆ ಅಳಿಸಬೇಡಿ. ಸಹೋದ್ಯೋಗಿಗೂ ಇದನ್ನೇ ಹೇಳಿ, ಜೊತೆಗೆ ನಿಮಗೆ ನಿಜಕ್ಕೂ ಇಷ್ಟವಾದ ಒಂದು ಪುಸ್ತಕ ಓದಲು ಕೊಡಿ. ಅವರು ನಿಮ್ಮ ಮೇಲೆ ಕೋಪ ಮಾಡಿಕೊಂಡಂತೆ ನನಗೇನೂ ಕಾಣಲಿಲ್ಲ. ನಿಮ್ಮ ಮಾತು ನಂಬಿ ದುಡ್ಡು ಕೊಟ್ಟು ತರಿಸಿದವರು, ಮುಂದೆಯೂ ನಂಬುವ ಮನಸ್ಸಿದೆ ಅಂತಲೇ ಬಂದು ಹೇಳಿದ್ದಾರೆ.

ಸಂಯೋಜಕರು ಯಾರಾದರೂ ಅಮೆಜಾನ್‌ನಲ್ಲಿ ಇಷ್ಟೇ ಸ್ಟಾರ್ ಹಾಕಬೇಕು ಅಂತ ಷರತ್ತು ಹಾಕಿದರೆ ಅಲ್ಲಿಂದ ಎದ್ದು ಬನ್ನಿ. ವಸ್ತು ಕೊಟ್ಟು ವಿಮರ್ಶೆ ಬರೆಸುವುದನ್ನು ಅಮೆಜಾನ್ 2016ರಲ್ಲಿ ನಿಲ್ಲಿಸಿದಾಗ ಪುಸ್ತಕದ ಮುಂಗಡ ಪ್ರತಿಗಳಿಗೆ ವಿನಾಯಿತಿ ಕೊಟ್ಟಿತು. ಆದರೆ ಪ್ರತಿ ಕೊಟ್ಟ ಮೇಲೆ ಇಂಥದ್ದೇ ಬರೆಯಿರಿ ಅನ್ನುವ ಹಾಗಿಲ್ಲ.

ಲೇಖಕಿಗೆ ಏನು ಹೇಳುವುದು? ಏನೂ ಹೇಳಬೇಕಾಗಿಲ್ಲ. ಸಂಯೋಜಕಿ ನೋಡಿಕೊಳ್ಳುತ್ತಾರೆ, ಅವರಿರುವುದೇ ಅದಕ್ಕೆ. ಮತ್ತೆ ಮೆಸೇಜ್ ಬಂದರೆ, ‘ಗುರುವಾರ ಆಯ್ದ ಭಾಗ ಹಾಕುತ್ತಿದ್ದೇನೆ, ಪುಸ್ತಕಕ್ಕೆ ಒಳ್ಳೆಯದಾಗಲಿ’ ಅನ್ನಿ. ಟೂರ್ ಮುಗಿದ ಮೇಲೆ ಈ ಪುಸ್ತಕದ ವಿಮರ್ಶೆ ಬರೆಯಲೇಬೇಕಾ ಅಂದರೆ, ಬೇಡ ಅನ್ನುತ್ತೇನೆ. ಅವರದ್ದು ಮೊದಲ ಪುಸ್ತಕ, ನೀವು ಅರ್ಧಕ್ಕೆ ಬಿಟ್ಟಿದ್ದೀರಿ. ಸುಮ್ಮನಿರಬಹುದು. ಇದೇ ದೊಡ್ಡ ಪ್ರಕಾಶನದ, ಎಲ್ಲರೂ ಕೊಂಡಾಡುತ್ತಿರುವ ಪುಸ್ತಕವಾಗಿದ್ದರೆ ಬರೆಯಿರಿ ಅನ್ನುತ್ತಿದ್ದೆ. ಇದು ಎರಡು ಅಳತೆ ಅಲ್ವಾ ಅಂತ ನೀವು ಕೇಳಬಹುದು. ಹೌದು, ಇರಲಿ. ಲಕ್ಷಗಟ್ಟಲೆ ಓದುಗರಿರುವವರಿಗೆ ನಿಮ್ಮ ಒಂದು ಟೀಕೆ ತಾಗುವುದಿಲ್ಲ, ಓದುಗರಿಗೆ ಉಪಯೋಗವಾಗುತ್ತದೆ.

ಮುಂದೆ ಇಷ್ಟವಾಗದ ಪುಸ್ತಕದ ಬಗ್ಗೆ ಬರೆಯುವಾಗ ಲೇಖಕರನ್ನು ಟ್ಯಾಗ್ ಮಾಡಬೇಡಿ. ಮನೆ ಬಾಗಿಲಿಗೆ ಹೋಗಿ ಬೈದು ಬರುವುದು ಯಾಕೆ? ಎಷ್ಟು ಪುಟಕ್ಕೆ ನಿಲ್ಲಿಸಿದಿರಿ ಅಂತ ಹೇಳಿ. ‘ಬೋರ್’ ಅನ್ನುವ ಬದಲು ಎಲ್ಲಿ ಕೈತಪ್ಪಿತು ಅಂತ ತೋರಿಸಿ. ಕೊಲೆಗಾರ ಮೂರನೇ ಅಧ್ಯಾಯಕ್ಕೇ ಗೊತ್ತಾಯಿತು ಅಂದಿರಲ್ಲ, ಅದು ಹೇಗೆ ಗೊತ್ತಾಯಿತು? ಅದನ್ನು ಬರೆದರೆ ಒಳ್ಳೆಯ ವಿಮರ್ಶೆ. ಹೆಸರು ಮಾತ್ರ ಬಿಟ್ಟುಕೊಡಬೇಡಿ. ಕೆಲವರಿಗೆ ಕೊಲೆಗಾರ ಮೊದಲೇ ಗೊತ್ತಾದರೆ ಅದೇ ಮಜಾ, ಅಂಥವರು ನಿಮ್ಮ ಟೀಕೆ ಓದಿಯೇ ಪುಸ್ತಕ ಕೊಳ್ಳುತ್ತಾರೆ.

ನಿಮ್ಮ ಮನೆಯವರ ಮಾತಿನಲ್ಲಿ ಅರ್ಧ ಸರಿಯಿದೆ. ದುಡ್ಡಿನ ವಿಷಯದಲ್ಲಿ ಅವರು ತಪ್ಪು. ಎಲ್ಲ ಹವ್ಯಾಸವೂ ದುಡ್ಡು ತರಬೇಕಾಗಿಲ್ಲ. ಅಲ್ಲದೆ ದುಡ್ಡು ತೆಗೆದುಕೊಂಡು ಬರೆದರೆ ಅದು ಜಾಹೀರಾತು. ಹನ್ನೆರಡು ಗಂಟೆಯ ವಿಷಯದಲ್ಲಿ ಮಾತ್ರ ಅವರು ಹೇಳಿದ್ದೇ ಸರಿ. ಒಂದೇ ತಿಂಗಳಿಗೆ ನಾಲ್ಕು ಟೂರ್ ಯಾಕೆ ಒಪ್ಪಿಕೊಂಡಿರಿ? ಬೆನ್ನುಡಿ ಓದಿ ಹೂಂ ಅಂದಿದ್ದೀರಿ. ಬೆನ್ನುಡಿಯಲ್ಲಿ ಯಾವ ಪುಸ್ತಕವೂ ಕೆಟ್ಟದ್ದಿರುವುದಿಲ್ಲ! ಇನ್ನು ಮುಂದೆ ಮೊದಲ ಎರಡು ಅಧ್ಯಾಯ ಕಳಿಸಿ, ಓದಿ ಹೇಳುತ್ತೇನೆ ಅನ್ನಿ. ಕಳಿಸಲಾಗದಿದ್ದರೆ ವಿಮರ್ಶೆ ಬಿಟ್ಟು ಆಯ್ದ ಭಾಗಕ್ಕೆ ಮಾತ್ರ ಒಪ್ಪಿಕೊಳ್ಳಿ. ತಿಂಗಳಿಗೆ ಒಂದು ವಿಮರ್ಶೆ ಸಾಕು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ತಿಂಗಳಲ್ಲಿ ಅದೂ ಬೇಡ. ಈ ತಿಂಗಳ ಉಳಿದ ಮೂರರಲ್ಲಿ ಯಾವುದನ್ನು ಇನ್ನೂ ಶುರು ಮಾಡಿಲ್ಲವೋ ಅದನ್ನು ಇವತ್ತೇ ಬಿಟ್ಟುಕೊಡಿ, ಬೇರೆಯವರನ್ನು ಹುಡುಕಲು ಅವರಿಗೆ ಸಮಯ ಸಿಗಲಿ. ವಿಮರ್ಶಕರಿಗೆ ಮುಂಗಡ ಪ್ರತಿ ಕೊಡುವ ನೆಟ್‌ಗ್ಯಾಲಿ ತಾಣದಲ್ಲೂ ಪುಸ್ತಕ ಕೇಳುವ ಅಭ್ಯಾಸವಿದ್ದರೆ, ಪಡೆದ ಪುಸ್ತಕಗಳಲ್ಲಿ 80 ಪರ್ಸೆಂಟಿಗೆ ಅಭಿಪ್ರಾಯ ಬರೆದವರಿಗೆ ಅಲ್ಲಿ ಸಿಗುವ ಬ್ಯಾಡ್ಜಿಗಾಗಿ ಓದಬೇಡಿ.

ಮತ್ತೆ ಕರೆಯದಿದ್ದರೆ? ಒಬ್ಬರಲ್ಲದಿದ್ದರೆ ಇನ್ನೊಬ್ಬರು ಕರೆಯುತ್ತಾರೆ. ಇಂಥ ಸಂಯೋಜಕರು ಬ್ರಿಟನ್ನಿನಲ್ಲಿ ಬೇಕಾದಷ್ಟಿದ್ದಾರೆ, ಹೇಳಿದ ದಿನ ಬರೆದುಕೊಡುವವರನ್ನು ಯಾರೂ ಸುಲಭಕ್ಕೆ ಬಿಡುವುದಿಲ್ಲ. ಹತ್ತು ದಿನದ ಟೂರಿನಲ್ಲಿ ನೀವು ಹತ್ತಿಪ್ಪತ್ತು ಜನರಲ್ಲಿ ಒಬ್ಬರು. ನೀವೊಬ್ಬರು ವಿಮರ್ಶೆ ಬರೆಯದಿದ್ದರೆ ಆ ಪುಸ್ತಕ ಮುಳುಗುವುದಿಲ್ಲ. ಕೇಳಲು ಸ್ವಲ್ಪ ಕಹಿ, ಆದರೆ ನಿರಾಳವೂ ಹೌದು.

ಕಪಾಟಿನ ಕನ್ನಡ ಪುಸ್ತಕಗಳ ಲೆಕ್ಕವೇ ಬೇರೆ. ನಮ್ಮಲ್ಲಿ ಎಷ್ಟೋ ಪುಸ್ತಕಗಳು ಸಾವಿರ ಪ್ರತಿ ಅಚ್ಚಾದರೆ ಹೆಚ್ಚು. ಬಿಡುಗಡೆಯ ದಿನ ವೇದಿಕೆಯ ಮೇಲಿದ್ದವರೆಲ್ಲ ಹೊಗಳುತ್ತಾರೆ, ಆಮೇಲೆ ಅದನ್ನು ಓದಿ ಒಂದು ಪುಟ ಬರೆಯುವವರು ಸಿಗುವುದಿಲ್ಲ. ಇವು ನೀವು ದುಡ್ಡು ಕೊಟ್ಟು ಕೊಂಡ ಪುಸ್ತಕಗಳು, ಯಾರ ಹಂಗೂ ಇಲ್ಲ, ತಾರೀಖೂ ಇಲ್ಲ. ಒಂದನ್ನು ಓದಿ ಕನ್ನಡದಲ್ಲೇ ಬರೆಯಿರಿ. ಇಲ್ಲಿ ಇನ್ನೊಂದು ತೊಡಕಿದೆ. ಇಂಗ್ಲೆಂಡಿನ ಲೇಖಕಿ ನಿಮಗೆ ಎದುರಾಗುವುದಿಲ್ಲ, ನಮ್ಮವರು ಮುಂದಿನ ಮದುವೆ ಊಟದಲ್ಲಿ ಪಕ್ಕದ ಎಲೆಗೇ ಕೂತಿರುತ್ತಾರೆ. ಅದಕ್ಕೇ ಶಿವಮೊಗ್ಗದವರ ಪುಸ್ತಕ ಸದ್ಯಕ್ಕೆ ಬೇಡ, ಬೇರೆ ಊರಿನವರದ್ದರಿಂದ ಶುರು ಮಾಡಿ.