ಸೈನ್ ಗ್ರಾಫ್ ಯಾಕೆ ಮತ್ತೆ ಮತ್ತೆ ಅದೇ ಅಲೆ ಬರೆಯುತ್ತದೆ?

ಪ್ರಶ್ನೆ: ಸರ್, ನಾನು ಪ್ರಥಮ ಪಿಯುಸಿ ವಿದ್ಯಾರ್ಥಿನಿ. ಲಂಬಕೋನ ತ್ರಿಭುಜದಲ್ಲಿ ಎದುರು ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್ ಅಂತ ಹತ್ತನೇ ಕ್ಲಾಸಿನಲ್ಲಿ ಕಲಿತೆವು. ಈಗ ಸೈನ್ 390° ಕೂಡ 0.5 ಅಂತಾರೆ. ಅಷ್ಟು ದೊಡ್ಡ ಕೋನ ಯಾವ ತ್ರಿಭುಜದಲ್ಲಿ ಇರುತ್ತದೆ?

ಉತ್ತರ: ಯಾವ ತ್ರಿಭುಜದಲ್ಲೂ ಇಲ್ಲ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಇಲ್ಲಿಂದ ಮುಂದೆ ತ್ರಿಭುಜ ಬಿಟ್ಟು ವೃತ್ತ ಹಿಡಿಯಬೇಕು.

ಗ್ರಾಫ್ ಹಾಳೆಯಲ್ಲಿ 5 ಸೆಂ.ಮೀ. ತ್ರಿಜ್ಯದ ವೃತ್ತ ಬರೆದು, ಕೇಂದ್ರದ ಮೂಲಕ ಅಡ್ಡಗೆರೆ ಎಳೆಯಿರಿ. ಬಲತುದಿಯಿಂದ ಹೊರಟು, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ 30°ಗೊಂದು ಚುಕ್ಕಿ ಇಡಿ. ಪ್ರತಿ ಚುಕ್ಕಿ ಅಡ್ಡಗೆರೆಯಿಂದ ಎಷ್ಟು ಎತ್ತರದಲ್ಲಿದೆ ಅಂತ ಸ್ಕೇಲ್ ಇಟ್ಟು ಅಳೆಯಿರಿ. 30°ಗೆ 2.5, 60°ಗೆ ಸುಮಾರು 4.3, 90°ಗೆ 5. ಆಮೇಲೆ ಇಳಿಯುತ್ತದೆ: 120°ಗೆ ಮತ್ತೆ 4.3, 150°ಗೆ 2.5, 180°ಗೆ ಸೊನ್ನೆ. ಅಲ್ಲಿಂದ ಚುಕ್ಕಿ ಗೆರೆಯ ಕೆಳಗೆ, ಅದಕ್ಕೇ ಮೈನಸ್. ಈ ಎತ್ತರವನ್ನು ತ್ರಿಜ್ಯದಿಂದ ಭಾಗಿಸಿದರೆ ಅದೇ ಸೈನ್. ಕೋನವನ್ನು ಅಡ್ಡಕ್ಕೆ, ಸೈನ್ ಬೆಲೆಯನ್ನು ಮೇಲಕ್ಕೆ ಗುರುತಿಸುತ್ತಾ ಹೋದರೆ ಸೈನ್ ಗ್ರಾಫ್‌ನ ಅಲೆ ಸಿಗುತ್ತದೆ. 90°ಯ ಒಳಗೆ ನಿಮ್ಮ ಹಳೇ ತ್ರಿಭುಜವೂ ಅಲ್ಲೇ ಕಾಣುತ್ತದೆ, ತ್ರಿಜ್ಯವೇ ಅದರ ವಿಕರ್ಣ.

390° ಅಂದರೆ ಒಂದು ಪೂರ್ತಿ ಸುತ್ತು, ಮೇಲೆ 30°. ಚುಕ್ಕಿ ಅದೇ ಜಾಗಕ್ಕೆ ಬಂತು ಅಂದಮೇಲೆ ಎತ್ತರವೂ ಅದೇ ಅಲ್ವಾ? ಗ್ರಾಫ್ ಮರುಕಳಿಸುವುದಕ್ಕೆ ಇಷ್ಟೇ ಕಾರಣ.

ಜಾಸ್ತಿ ಮಕ್ಕಳು ಎಡವುವುದು ಇನ್ನೊಂದು ಕಡೆ. 30°ಗೂ 150°ಗೂ ಸೈನ್ 0.5 ತಾನೆ, ಹಾಗಾದರೆ ಆವರ್ತ (ಅಲೆ ಮರುಕಳಿಸಲು ಬೇಕಾದ ಕೋನ) 120° ಅಲ್ವಾ ಅಂತ ಕೇಳುತ್ತಾರೆ. ಅಲ್ಲ. 30°ಯಲ್ಲಿ ಚುಕ್ಕಿ ಏರುತ್ತಿದೆ, 150°ಯಲ್ಲಿ ಇಳಿಯುತ್ತಿದೆ. ಒಂದು ಬೆಲೆ ಮತ್ತೆ ಬಂದರೆ ಸಾಲದು, ಅಲ್ಲಿಂದ ಮುಂದಿನ ಇಡೀ ಅಲೆ ಹಾಗೇ ಬರಬೇಕು. ಅದಕ್ಕೆ 360° ಬೇಕೇ ಬೇಕು.

ಕೋಸೈನ್ ಅಂದರೆ ಕೇಂದ್ರದಿಂದ ಚುಕ್ಕಿಯ ಅಡ್ಡ ದೂರವನ್ನು ತ್ರಿಜ್ಯದಿಂದ ಭಾಗಿಸಿದ್ದು. ಅಲೆ ಅದೇ, 90° ಎಡಕ್ಕೆ ಸರಿದಿರುತ್ತದೆ ಅಷ್ಟೇ. ಟ್ಯಾನ್ ಮಾತ್ರ ಬೇರೆ. ಅದು ಕೇಂದ್ರದಿಂದ ಚುಕ್ಕಿಗೆ ಎಳೆದ ಗೆರೆಯ ಓರೆ. ಅರ್ಧ ಸುತ್ತಿಗೇ ಅದೇ ಗೆರೆ ಸಿಗುವುದರಿಂದ ಟ್ಯಾನ್ 180°ಗೇ ಮರುಕಳಿಸುತ್ತದೆ. 90°ಯಲ್ಲಿ ಗೆರೆ ನೆಟ್ಟಗೆ ನಿಲ್ಲುತ್ತದೆ, ಅಲ್ಲಿ ಟ್ಯಾನ್‌ಗೆ ಬೆಲೆಯೇ ಇಲ್ಲ.

ನಿಮ್ಮ ಮನೆಯ ಕರೆಂಟೂ ಹೆಚ್ಚುಕಡಿಮೆ ಇದೇ ಸೈನ್ ಅಲೆ. ಸೆಕೆಂಡಿಗೆ 50 ಸಲ, ಅಂದರೆ 0.02 ಸೆಕೆಂಡಿಗೊಮ್ಮೆ ಮರುಕಳಿಸುತ್ತದೆ. ನಾವು 230 ವೋಲ್ಟ್ ಅನ್ನುತ್ತೇವೆ, ಆದರೆ ಅಲೆಯ ತುದಿ ಸುಮಾರು 325 ವೋಲ್ಟ್ ಮುಟ್ಟುತ್ತದೆ.

ಈಗ ಸೈನ್ 1110° ಎಷ್ಟು, ಕ್ಯಾಲ್ಕುಲೇಟರ್ ಮುಟ್ಟದೆ ಹೇಳಿ ನೋಡೋಣ. ಮೂರು ಸುತ್ತಿಗೆ 1080° ಕಳೆಯಿರಿ.