ಟೋಂಗಾದಲ್ಲಿ ಪರೀಕ್ಷೆ ಮುಗಿದ ಮೇಲೆ ಸ್ವಯಂಸೇವಕ ಟೀಚರ್ ಬೇಗ ಊರಿಗೆ ಹೊರಡಬಹುದಾ?

ಪರೀಕ್ಷೆ ಮುಗಿದಿದೆ, ಶಾಲೆಯಲ್ಲಿ ಬರೀ ಡಾನ್ಸ್ ಪ್ರಾಕ್ಟೀಸ್, ಈ ವಾರಗಳೆಲ್ಲ ವ್ಯರ್ಥ, ಹಟ ಹಿಡಿದು ರೀಡಿಂಗ್ ಕ್ಲಾಸ್ ಮಾಡಲಾ, ಇಲ್ಲಾ ಬೇಗ ಹೊರಟುಬಿಡಲಾ ಅಂತ ಕೇಳಿದ್ದೀರಿ. ನಾನು ಎರಡನ್ನೂ ಮಾಡಿ ನೋಡಿದವಳು.

ನಾನು ಕುಂದಾಪುರದ ಕಡೆಯವಳು. ಅಮೆರಿಕದ ಪೌರತ್ವ ಸಿಕ್ಕ ಮೇಲೆ ಆ ಸರ್ಕಾರದ ಸ್ವಯಂಸೇವಕ ಸಂಸ್ಥೆ ಪೀಸ್ ಕೋರ್ ಸೇರಿ, 2018 ಮತ್ತು 2019ರಲ್ಲಿ ಪೆಸಿಫಿಕ್ ಸಾಗರದ ಪುಟ್ಟ ದೇಶ ಟೋಂಗಾದ ವವಾಉ ದ್ವೀಪಗಳ ಒಂದು ಹಳ್ಳಿಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಆರನೇ ಕ್ಲಾಸಿನವರ ಹೈಸ್ಕೂಲ್ ಪ್ರವೇಶ ಪರೀಕ್ಷೆ ಮುಗಿದದ್ದೇ ತಡ, ಬೆಂಚುಗಳೆಲ್ಲ ಗೋಡೆಗೆ ಸರಿದವು, ಡೋಲು ಬಂತು. ಮಕ್ಕಳು ಸಾಲಾಗಿ ಕೂತು ಮಾಉಲುಉಲು ಶುರು ಮಾಡಿದರು. ಕೂತೇ ಮಾಡುವ ಗುಂಪು ನೃತ್ಯ ಅದು. ಓದಿನಲ್ಲಿ ಹಿಂದಿದ್ದವರನ್ನು ನಾನು ಸಾಲಿನಿಂದ ಎಬ್ಬಿಸಿ ಕರೆದುಕೊಂಡು ಹೋಗುತ್ತಿದ್ದೆ. ಬರುತ್ತಿದ್ದರು, ಪಾಪ. ಪುಸ್ತಕದ ಮುಂದೆ ಕೂತು ತೊಡೆ ಮೇಲೆ ತಾಳ ಹಾಕುತ್ತಿದ್ದರು.

ಬೇಸತ್ತು ಟಿಕೆಟ್ ನೋಡಿದೆ. ಈ ಡಾನ್ಸೆಲ್ಲ ವರ್ಷದ ಕೊನೆಯ ಬಹುಮಾನ ಸಮಾರಂಭಕ್ಕೆ, ಅದಕ್ಕೆ ಮೊದಲೇ ಹೊರಟರೆ ದರ ಕಡಿಮೆ. ನನ್ನ ತಲೆಯಲ್ಲಿದ್ದದ್ದು ನಮ್ಮೂರಿನ ಸ್ಕೂಲ್ ಡೇ. ಮುಖ್ಯ ಅತಿಥಿ ಗಂಟೆಗಟ್ಟಲೆ ಮಾತಾಡುತ್ತಾರೆ, ಟೀಚರುಗಳು ಕುರ್ಚಿ ಹೊರುತ್ತಾರೆ, ಒಬ್ಬರು ಇಲ್ಲದಿದ್ದರೆ ಯಾರಿಗೆ ಗೊತ್ತಾಗುತ್ತೆ? ಹೆಡ್ ಟೀಚರನ್ನು ಕೇಳಿದೆ. ನಕ್ಕು ಪರವಾಗಿಲ್ಲ, ಹೋಗಿ ಬನ್ನಿ ಅಂದರು. ಅಲ್ಲಿ ಮುಖದ ಮೇಲೆ ಬೇಡ ಅನ್ನುವವರು ಕಡಿಮೆ, ಅದು ಆಗಲೇ ಗೊತ್ತಾಗಿತ್ತು ನನಗೆ. ಆದರೂ ನಗುವನ್ನೇ ಒಪ್ಪಿಗೆ ಅಂತ ಹಿಡಿದುಕೊಂಡೆ, ಯಾಕೆಂದರೆ ನನಗೆ ಹೋಗಬೇಕಿತ್ತು. ನಾನಿದ್ದ ಮನೆಯ ಯಜಮಾನಿಯನ್ನೋ ಜೊತೆ ಟೀಚರನ್ನೋ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಬೇರೆ ಉತ್ತರ ಬರಬಹುದು ಅಂತಲೇ ಕೇಳಲಿಲ್ಲ. ಉಳಿಸಿದ ದುಡ್ಡು ಆಕ್ಲೆಂಡ್ ಏರ್‌ಪೋರ್ಟಿನ ಊಟಕ್ಕೇ ಹೋಯ್ತು ಅನ್ನೋದು ಬೇರೆ ಮಾತು.

ಫೆಬ್ರವರಿಯಲ್ಲಿ ವಾಪಸ್ ಬಂದ ಮೇಲೆ ಆ ಯಜಮಾನಿಯೇ ಕೂರಿಸಿಕೊಂಡು ಹೇಳಿದರು. ಸಮಾರಂಭಕ್ಕೆ ಇಡೀ ಹಳ್ಳಿ ಬಂದು ಚಾಪೆ ಮೇಲೆ ಕೂರುತ್ತೆ. ಪಾದ್ರಿಯ ಪ್ರಾರ್ಥನೆ, ಊರ ಅಧಿಕಾರಿಯ ಭಾಷಣ. ಆಮೇಲೆ ಆಯಾ ಕ್ಲಾಸಿನ ಟೀಚರೇ ಮಕ್ಕಳ ಹೆಸರು ಕರೆಯಬೇಕು. ಮಗುವಿನ ಹಿಂದೆ ತಾಯಿ, ಅತ್ತೆಯರು ಕುಣಿಯುತ್ತಾ ಬಂದು ಹೂವಿನ ಹಾರ, ಚಾಕಲೇಟ್ ಹಾರ ಹಾಕುತ್ತಾರೆ. ಟೀಚರ್ ಕೊರಳಿಗೂ ಬೀಳುತ್ತೆ. ನನ್ನ ಮಕ್ಕಳ ಹೆಸರು ಓದಿದ್ದು ಮೂರನೇ ಕ್ಲಾಸಿನ ಟೀಚರ್. ಒಬ್ಬ ಹುಡುಗಿಯ ಅಜ್ಜಿ ನನಗಾಗಿ ಕಿಯೆಕಿಯೆ ಹೆಣೆದಿದ್ದರಂತೆ. ಅಲ್ಲಿನ ಹೆಂಗಸರು ಸೊಂಟಕ್ಕೆ ಕಟ್ಟುವ ಅಲಂಕಾರ ಅದು. ಸಭೆಗೆ ತಂದು, ಹಾಗೇ ವಾಪಸ್ ಒಯ್ದಿದ್ದರು.

ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸಂಜೆಯ ರೀಡಿಂಗ್ ಕ್ಲಾಸಿಗೆ ಮಕ್ಕಳನ್ನು ಕಳಿಸುತ್ತಿದ್ದ ತಾಯಂದಿರಿಗೆ ಈಗ ಏನೋ ಕೆಲಸ, ಏನೋ ನೆಪ. ಅರ್ಧ ವರ್ಷ ಆ ಕ್ಲಾಸ್ ಖಾಲಿ ಹೊಡೆಯಿತು.

ಹಾಗಾಗಿ ಆ ವಾರಗಳು ವ್ಯರ್ಥ ಅನ್ನುವ ನಿಮ್ಮ ಮಾತನ್ನೇ ನಾನು ಒಪ್ಪಲ್ಲ. ಪಾಠವಾ, ಪ್ರಯಾಣವಾ ಅಂತ ತೂಗಲು ಕೂರಬೇಡಿ. ಹೋಗಿ ಮಕ್ಕಳ ಜೊತೆ ಸಾಲಿನಲ್ಲಿ ಕೂತುಕೊಳ್ಳಿ. 2019ರಲ್ಲಿ ನಾನು ಅದನ್ನೇ ಮಾಡಿದೆ. ಕೈ ತಪ್ಪಿದಾಗಲೆಲ್ಲ ಮಕ್ಕಳು ಬಿದ್ದು ಬಿದ್ದು ನಕ್ಕರು. ಪ್ರತಿ ನೃತ್ಯಕ್ಕೂ ಮೊದಲು ಹೇಳಲು ಇಂಗ್ಲಿಷಿನಲ್ಲಿ ಪುಟ್ಟ ಪರಿಚಯ ಬರೆದುಕೊಟ್ಟೆ. ಹಿಂದಿನ ವರ್ಷ ನನ್ನಿಂದ ತಪ್ಪಿಸಿಕೊಳ್ಳುತ್ತಿದ್ದ ಹುಡುಗನೇ ಆ ಚೀಟಿ ಹಿಡಿದು ಇನ್ನೊಂದು ಸಲ ಓದ್ತೀನಿ ಅಂತ ಬೆನ್ನು ಬಿದ್ದ. ಇಡೀ ಊರಿನ ಮುಂದೆ ಓದಬೇಕಲ್ವಾ!

ಸಣ್ಣ ನೋಟುಗಳನ್ನು ಈಗಲೇ ಕೂಡಿಡಿ. ಕುಣಿಯುವವರ ಮೈಗೆ ತೆಂಗಿನೆಣ್ಣೆ ಹಚ್ಚಿರುತ್ತಾರೆ, ಅದಕ್ಕೆ ನೋಟು ಅಂಟಿಸುವುದು ಫಕಪಾಲೆ. ನಾನಿದ್ದ ಹಳ್ಳಿಯಲ್ಲಿ ಆ ಹಣ ಶಾಲೆಗೇ ಹೋಗುತ್ತಿತ್ತು. ನೀವು ಸುಮ್ನೆ ಕೂತು ನೋಡಿದರೆ ಚೆನ್ನಾಗಿರಲ್ಲ. ಊಟಕ್ಕೆ ಲೂ ಇರುತ್ತೆ, ಕೆಸುವಿನ ಎಲೆಯಲ್ಲಿ ಮಾಂಸ, ತೆಂಗಿನ ಹಾಲು ಕಟ್ಟಿ ನೆಲದೊಲೆಯಲ್ಲಿ ಬೇಯಿಸಿದ್ದು. ಪತ್ರೊಡೆ ತಿಂದು ಬೆಳೆದ ನನಗೆ ಗಂಟಲು ತುರಿಸುತ್ತೇನೋ ಅಂತ ಭಯವಿತ್ತು, ತುರಿಸಲಿಲ್ಲ.

ಟಿಕೆಟ್ ಮಾಡಿಸುವಾಗ ಸಮಾರಂಭದ ಮರುದಿನದ್ದು ಮಾಡಿಸಬೇಡಿ. ಮಳೆ ಬಂದರೆ, ಊರಲ್ಲಿ ಸಾವಾದರೆ ದಿನಾಂಕ ಮುಂದಕ್ಕೆ ಹೋಗುತ್ತೆ. ಭಾನುವಾರವಂತೂ ಅಲ್ಲಿ ವಿಮಾನವೂ ಇಲ್ಲ, ಅಂಗಡಿಯೂ ಇಲ್ಲ. ಸಮಾರಂಭದ ಮುಂದಿನ ವಾರದ ಮಧ್ಯದಲ್ಲಿ ಯಾವುದಾದರೂ ದಿನ ನೋಡಿ, ದರ ಜಾಸ್ತಿಯಾದರೂ ಸರಿ.